ಧ್ವನಿಮುದ್ರಣದಲ್ಲಿ ಮಾತನ್ನು ಮರೆಮಾಡುವ ತಂತ್ರಗಳು

ಮುದ್ರಿತ ಕಂಠದಲ್ಲಿ ಪದಗಳು ಕೇಳುಗರಿಗೆ ತಿಳಿಯದಂತೆ, ಅಥವಾ ಪದ ತಿಳಿದರೂ ಆಡಿದವರು ಯಾರೆಂದು ಗೊತ್ತಾಗದಂತೆ ದನಿಯನ್ನು ಮಾರ್ಪಡಿಸುವ ವಿಧಾನಗಳಿಗೆ ಒಟ್ಟಾಗಿ ಈ ಹೆಸರು. ಸಿನಿಮಾದ ಬೈಗುಳಕ್ಕೆ ಹಾಕುವ ಮ್ಯೂಟ್, ಟಿ.ವಿ. ವಾರ್ತೆಯ ಬೀಪ್, ಸಂತ್ರಸ್ತೆಯ ಹೇಳಿಕೆಯನ್ನು ದಪ್ಪ ದನಿಗೆ ಇಳಿಸುವುದು, ಹಾಡುವ ಕಂಠವನ್ನು ಪ್ರತಿಧ್ವನಿಯಲ್ಲಿ ಕರಗಿಸುವುದು, ಯುದ್ಧಕಾಲದ ಗುಪ್ತ ದೂರವಾಣಿ ಎಲ್ಲವೂ ಇದರೊಳಗೆ ಬರುತ್ತವೆ. ಪದವನ್ನು ಮರೆಮಾಡುವುದು ಒಂದು ಕೆಲಸ, ವ್ಯಕ್ತಿಯನ್ನು ಮರೆಮಾಡುವುದು ಇನ್ನೊಂದು. ಎರಡಕ್ಕೂ ಒಂದೇ ಉಪಾಯ ಸಾಕೆಂದು ತಿಳಿಯುವುದರಿಂದಲೇ ಈ ಕ್ಷೇತ್ರದ ಹೆಚ್ಚಿನ ಅನಾಹುತಗಳು ಆಗುತ್ತವೆ. ಕಿವಿಗೆ ವಿಕಾರವಾಗಿ ಕೇಳಿಸುವ ದನಿಯಲ್ಲಿ ಮಾತು ಪೂರ್ತಿಯಾಗಿ ಉಳಿದಿರುತ್ತದೆ. ಇಂಪಾಗಿ ಕೇಳಿಸುವ ದನಿಯಲ್ಲಿ ಒಂದು ಪದವೂ ಕೈಗೆ ಸಿಗದೆ ಹೋಗುತ್ತದೆ.

ಕನ್ನಡದಲ್ಲಿ ಈ ವಿಷಯವನ್ನು ನೋಡಲು ಶಿವಮೊಗ್ಗ ಮತ್ತು ಭದ್ರಾವತಿ ಒಳ್ಳೆಯ ಜಾಗ. 1965ರಿಂದ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರವಿದೆ. ಸುಗಮ ಸಂಗೀತದ ದೊಡ್ಡ ಹೆಸರುಗಳು ಈ ಜಿಲ್ಲೆಗೆ ಸೇರಿವೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ, ಮೈಕಿನ ಹಂಗಿಲ್ಲದೆ ಕೊನೆಯ ಸಾಲಿನವರೆಗೆ ಮಾತು ಮುಟ್ಟಿಸುವುದನ್ನು ನೀನಾಸಮ್ ರಂಗಸಂಸ್ಥೆ ಕಲಿಸುತ್ತದೆ. ಮಲೆನಾಡಿನ ಊರುಗಳಲ್ಲಿ ಬಡಗುತಿಟ್ಟಿನ ಯಕ್ಷಗಾನ ರಾತ್ರಿಯಿಡೀ ನಡೆಯುತ್ತದೆ. ಮಾತು ಕೇಳಿಸಬೇಕು ಎಂಬ ಹಟವಿರುವ ಕಡೆಯಲ್ಲೇ ಮಾತು ಯಾವಾಗ ಕೇಳಿಸದೆ ಹೋಗುತ್ತದೆ ಎಂಬುದರ ತಿಳಿವಳಿಕೆಯೂ ಗಟ್ಟಿಯಾಗಿರುತ್ತದೆ.

ಮಾತು ಕಿವಿಗೆ ತಲುಪುವ ಬಗೆ

ಗಂಡಸಿನ ಸಾಧಾರಣ ಮಾತಿನಲ್ಲಿ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 150 ಬಾರಿ, ಹೆಂಗಸಿನ ಮಾತಿನಲ್ಲಿ ಸುಮಾರು 200ರಿಂದ 250 ಬಾರಿ ಕಂಪಿಸುತ್ತವೆ. ಇದು ದನಿಯ ಶ್ರುತಿ. ಆದರೆ ಪದ ಇರುವುದು ಶ್ರುತಿಯಲ್ಲಲ್ಲ. ಗಂಟಲು, ನಾಲಿಗೆ, ತುಟಿ ಸೇರಿ ಬಾಯಿಯ ಒಳಗಿನ ಆಕಾರವನ್ನು ಬದಲಿಸುತ್ತಿರುತ್ತವೆ. ಆ ಆಕಾರಕ್ಕೆ ತಕ್ಕಂತೆ ಕೆಲವು ಕಂಪನಾಂಕಗಳು ಬಲಗೊಳ್ಳುತ್ತವೆ. ಈ ಅನುರಣನ ಪಟ್ಟಿಗಳಲ್ಲಿ ಮೊದಲ ಮೂರು ಸುಮಾರು 300ರಿಂದ 3000 ಹರ್ಟ್ಸ್ ನಡುವೆ ಬೀಳುತ್ತವೆ. ಸ್ವರಗಳ ಬಲ ಕೆಳಗಿನ ಕಂಪನಾಂಕಗಳಲ್ಲಿ ಹೆಚ್ಚು. ವ್ಯಂಜನಗಳ ಗುರುತು 1000ದಿಂದ 4000 ಹರ್ಟ್ಸ್ ಆಸುಪಾಸಿನಲ್ಲಿ ಹೆಚ್ಚು. ದನಿಯ ಗಟ್ಟಿತನವನ್ನು ಸ್ವರಗಳು ಹೊರುತ್ತವೆ, ಅರ್ಥದ ಬಹುಪಾಲನ್ನು ವ್ಯಂಜನಗಳು ಹೊರುತ್ತವೆ. ಹಳೆಯ ದೂರವಾಣಿ 300ರಿಂದ 3400 ಹರ್ಟ್ಸ್ ಅನ್ನು ಮಾತ್ರ ಸಾಗಿಸಿಯೂ ಜಗತ್ತಿನ ವ್ಯವಹಾರವನ್ನೆಲ್ಲ ನಡೆಸಿದ್ದು ಈ ಕಾರಣದಿಂದ.

ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಮಧ್ಯಮ ತರಂಗದ ಪ್ರಸಾರವೇ ಇದಕ್ಕೆ ಹತ್ತಿರದ ಸಾಕ್ಷಿ. ಮಧ್ಯಮ ತರಂಗದ ಕೇಂದ್ರಗಳು 9 ಕಿಲೋಹರ್ಟ್ಸ್ ಅಂತರದಲ್ಲಿ ಹಂಚಿಹೋಗಿರುವುದರಿಂದ ಸುಮಾರು 4500 ಹರ್ಟ್ಸ್‌ಗಿಂತ ಮೇಲಿನ ದನಿ ಸಾಮಾನ್ಯ ರೇಡಿಯೋ ಪೆಟ್ಟಿಗೆಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಶಿವಮೊಗ್ಗದ ಗೋಪಾಳದಲ್ಲೋ ಭದ್ರಾವತಿಯ ಕಾರ್ಖಾನೆಯ ವಸತಿಯಲ್ಲೋ ಕೂತು ಪ್ರದೇಶ ಸಮಾಚಾರ, ಕೃಷಿರಂಗ ಕೇಳಿದವರಿಗೆ ಈ ಕೊರತೆಯಿಂದ ಒಂದು ಪದವೂ ತಪ್ಪಲಿಲ್ಲ. ಎಫ್.ಎಂ. ಬಂದಾಗ ದನಿಗೆ ಹೊಳಪು ಬಂತು, ಅರ್ಥಕ್ಕೆ ಹೊಸದಾಗಿ ಸೇರಿದ್ದು ಅಲ್ಪ. ಮೇಲಿನ ಕಂಪನಾಂಕಗಳನ್ನು ಕತ್ತರಿಸಿ ಮಾತನ್ನು ಮರೆಮಾಡಬೇಕಾದರೆ ಕತ್ತರಿಯನ್ನು 1000 ಹರ್ಟ್ಸ್‌ಗಿಂತ ಕೆಳಕ್ಕೆ ತರಬೇಕು. ಆಗ ಉಳಿಯುವುದು ಪಕ್ಕದ ಮನೆಯ ಗೋಡೆಯಾಚೆಯಿಂದ ಬರುವಂಥ ಗುಂಯ್‌ಗುಡುವ ಲಯ. ಜಗಳವೋ ಸಮಾಧಾನವೋ ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ.

ಮಾತು ಎಷ್ಟು ಗಟ್ಟಿ ಎಂಬುದನ್ನು ಇಪ್ಪತ್ತನೆಯ ಶತಮಾನದ ಪ್ರಯೋಗಗಳು ಒಂದಾದಮೇಲೊಂದು ತೋರಿಸಿವೆ. 1970ರಲ್ಲಿ ರಿಚರ್ಡ್ ವಾರೆನ್ ಒಂದು ವಾಕ್ಯದೊಳಗಿನ ಒಂದು ಧ್ವನಿಯನ್ನು ಕತ್ತರಿಸಿ ತೆಗೆದು ಅಲ್ಲಿ ಕೆಮ್ಮಿನ ಸದ್ದು ಇಟ್ಟರು. ಕೇಳಿದವರಿಗೆ ಧ್ವನಿ ಕಾಣೆಯಾದದ್ದೇ ಗೊತ್ತಾಗಲಿಲ್ಲ. ಮನಸ್ಸು ಅದನ್ನು ತುಂಬಿಕೊಂಡಿತ್ತು. 1981ರಲ್ಲಿ ರಾಬರ್ಟ್ ರೆಮೆಜ್ ಮತ್ತು ಸಂಗಡಿಗರು ಇಡೀ ಮಾತನ್ನು ಮೂರು ಶಿಳ್ಳೆಗಳಂಥ ಶುದ್ಧ ಸ್ವರಗಳಿಗೆ ಇಳಿಸಿದರು. ಇದು ಮಾತು ಎಂದು ಮೊದಲೇ ಹೇಳಿದಾಗ ಜನ ಅದನ್ನೂ ಅರ್ಥಮಾಡಿಕೊಂಡರು. 1995ರಲ್ಲಿ ರಾಬರ್ಟ್ ಶಾನನ್ ಮತ್ತು ಸಂಗಡಿಗರು ಮಾತನ್ನು ಬರೀ ನಾಲ್ಕು ಪಟ್ಟಿಗಳ ಗೊರಗೊರ ಸದ್ದಾಗಿ ಮಾಡಿದರು. ಸ್ವಲ್ಪ ಅಭ್ಯಾಸವಾದ ಮೇಲೆ ಕೇಳುಗರು ಅದನ್ನು ಬಹುಮಟ್ಟಿಗೆ ಸರಿಯಾಗಿ ಹೇಳಿದರು. ಕಿವಿಯೊಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ. 1999ರಲ್ಲಿ ಸಬೇರಿ ಮತ್ತು ಪೆರಟ್ ಮಾತನ್ನು 50 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಪ್ರತಿ ತುಂಡನ್ನೂ ಹಿಂದುಮುಂದಾಗಿ ತಿರುಗಿಸಿ ಜೋಡಿಸಿದರು. ಅರ್ಥ ಹಾಗೇ ಉಳಿಯಿತು. ತುಂಡು 130 ಮಿಲಿಸೆಕೆಂಡಿಗೆ ಬೆಳೆದಾಗ ಅರ್ಧದಷ್ಟು ಹೋಯಿತು. ಮಾತನ್ನು ಕೆಡಿಸುವುದು ಸುಲಭ, ಅಳಿಸುವುದು ಕಷ್ಟ ಎಂಬುದಕ್ಕೆ ಇವಿಷ್ಟು ಸಾಕು.

ಕನ್ನಡದಲ್ಲಿ ಮೊದಲು ಅಳಿಯುವುದು

ಧ್ವನಿ ತಂತ್ರಾಂಶಗಳ ಕೈಪಿಡಿಗಳು ಇಂಗ್ಲಿಷ್ ಮಾತನ್ನು ಕಣ್ಣೆದುರಿಟ್ಟುಕೊಂಡು ಬರೆದವು. ಕನ್ನಡಕ್ಕೆ ಅವು ಪೂರ್ತಿ ಒಗ್ಗುವುದಿಲ್ಲ. ಕನ್ನಡದ ಪದಗಳು ಒಂದನ್ನೊಂದು ದೂರವಿಡಲು ಬಳಸುವ ಆಧಾರಗಳು ಬೇರೆ.

ಮೊದಲನೆಯದು ಕಾಲ. ಬಳೆ ಮತ್ತು ಬಾಳೆ, ಕಡು ಮತ್ತು ಕಾಡು ಬೇರೆಯಾಗಿ ಕೇಳುವುದು ಸ್ವರ ಎಷ್ಟು ಹೊತ್ತು ನಿಂತಿತು ಎಂಬುದರಿಂದ. ಕತೆ ಮತ್ತು ಕತ್ತೆ ಬೇರೆಯಾಗುವುದು ನಡುವೆ ಬಾಯಿ ಮುಚ್ಚಿದ ಮೌನ ಎಷ್ಟು ಉದ್ದ ಎಂಬುದರಿಂದ. ಒತ್ತಕ್ಷರದ ಗುಟ್ಟು ಸದ್ದಿನಲ್ಲಿಲ್ಲ, ಸದ್ದಿಲ್ಲದ ಆ ಕ್ಷಣದಲ್ಲಿದೆ. ಪ್ರತಿಧ್ವನಿಯನ್ನು, ಅಂದರೆ ರೆಕಾರ್ಡಿಂಗಿನವರು ರಿವರ್ಬ್ ಎನ್ನುವುದನ್ನು, ದಟ್ಟವಾಗಿ ಸೇರಿಸಿದರೆ ಹಿಂದಿನ ಸ್ವರದ ಬಾಲ ಆ ಮೌನದೊಳಗೆ ಹರಿದು ತುಂಬಿಕೊಳ್ಳುತ್ತದೆ. ಮೌನವೇ ಇಲ್ಲವಾದ ಮೇಲೆ ಅದು ಉದ್ದವೋ ಗಿಡ್ಡವೋ ಎಂದು ಅಳೆಯುವುದು ಹೇಗೆ? ಒತ್ತಕ್ಷರ ಹೆಜ್ಜೆಹೆಜ್ಜೆಗೆ ಬರುವ ಕನ್ನಡಕ್ಕೆ ಪ್ರತಿಧ್ವನಿ ಕೊಡುವ ಪೆಟ್ಟು ಜೋರು. ಆರ್.ಸಿ.ಸಿ. ಸೂರಿನ, ನಯವಾದ ಗಾರೆ ಗೋಡೆಯ ಖಾಲಿ ಕೋಣೆಯಲ್ಲಿ ಮುದ್ರಿಸಿದ ಹಾಡಿನಲ್ಲಿ ಸಾಹಿತ್ಯ ಕಲಸಿಹೋಗುವುದಕ್ಕೂ, ಮರದ ಅಟ್ಟವಿದ್ದು ಸಾಮಾನು ತುಂಬಿದ ಹಂಚಿನ ಮನೆಯಲ್ಲಿ ಅದೇ ಹಾಡು ಸ್ಪಷ್ಟವಾಗಿ ಬರುವುದಕ್ಕೂ ಇದೇ ಕಾರಣ. ಮಾತಿನ ಹಿಂದೆ ಸುಮಾರು 50 ಮಿಲಿಸೆಕೆಂಡಿನೊಳಗೆ ಮರಳಿ ಬರುವ ಪ್ರತಿಫಲನ ಮಾತಿಗೆ ಬಲ ಕೊಡುತ್ತದೆ; ಅದರಾಚೆ ತಡವಾಗಿ ಬರುವುದು ಮಾತನ್ನು ಹಾಳುಮಾಡುತ್ತದೆ.

ಎರಡನೆಯದು ನಾಲಿಗೆಯ ಜಾಗ. ಕಾಲು ಮತ್ತು ಕಾಳು, ಹಲ್ಲಿ ಮತ್ತು ಹಳ್ಳಿ, ತ ಮತ್ತು ಟ, ನ ಮತ್ತು ಣ ಇವುಗಳ ನಡುವಿನ ಭೇದದ ಮುಖ್ಯ ಗುರುತು ಮೂರನೆಯ ಅನುರಣನ ಪಟ್ಟಿ. ನಾಲಿಗೆ ಮೇಲಕ್ಕೆ ಮಡಚಿದಾಗ ಆ ಪಟ್ಟಿ ಕೆಳಕ್ಕೆ ಬಾಗುತ್ತದೆ. ಸುಮಾರು 1800ರಿಂದ 3000 ಹರ್ಟ್ಸ್ ನಡುವಿನ ಭಾಗವನ್ನು ಫಿಲ್ಟರಿನಿಂದ ತೆಗೆದರೆ ಇಲ್ಲವೇ ಗಿಟಾರು, ತಾಳದ ಸದ್ದಿನಿಂದ ಮುಚ್ಚಿದರೆ ಈ ಜೋಡಿಗಳು ಒಂದಾಗಿಬಿಡುತ್ತವೆ. ಶ ಮತ್ತು ಸ ಇನ್ನೂ ಮೇಲಿವೆ. ಸ ಎಂಬ ಊಷ್ಮದ ಬಹುಪಾಲು 4000 ಹರ್ಟ್ಸ್‌ಗಿಂತ ಮೇಲೆ ಇರುವುದರಿಂದ ಕಿರಿದಾದ ಫಿಲ್ಟರಿಗೆ ಅದೇ ಮೊದಲ ಬಲಿ. ಮಹಾಪ್ರಾಣಗಳು ಹೋದರೆ ಹೆಚ್ಚಿನ ನಷ್ಟವಿಲ್ಲ. ದಿನಬಳಕೆಯ ಮಾತಿನಲ್ಲಿ ಅವು ಎಷ್ಟೋ ಬಾಯಿಗಳಲ್ಲಿ ಅಲ್ಪಪ್ರಾಣಗಳಾಗಿಯೇ ಹೊರಡುತ್ತವೆ, ಕೇಳುವವರು ಸಂದರ್ಭದಿಂದ ತಿಳಿದುಕೊಳ್ಳುತ್ತಾರೆ.

ಮೂರನೆಯದು ವ್ಯಾಕರಣ, ಮರೆಮಾಡುವವರು ಹೆಚ್ಚಾಗಿ ಮರೆಯುವುದೂ ಇದನ್ನೇ. ಕನ್ನಡದ ಕ್ರಿಯಾಪದ ತನ್ನ ಕೊನೆಯಲ್ಲಿ ಕರ್ತೃವಿನ ಗುರುತನ್ನು ಹೊತ್ತುಕೊಂಡಿರುತ್ತದೆ. ಹೆಸರಿನ ಮೇಲೆ ಬೀಪ್ ಹಾಕಿ ಮುಂದಿನ ‘ಬಂದಳು’, ‘ಬಂದರು’ಗಳನ್ನು ಬಿಟ್ಟರೆ ಹೆಣ್ಣೋ ಗಂಡೋ, ಒಬ್ಬರೋ ಹಲವರೋ, ಗೌರವದವರೋ ಸಲಿಗೆಯವರೋ ಎಲ್ಲವೂ ಹೊರಬೀಳುತ್ತವೆ. ‘ನಮ್ಮ ಸೋದರಮಾವ’ ಎಂಬ ಎರಡು ಪದ ಹೆಸರಿಗಿಂತ ಹೆಚ್ಚು ಹೇಳುತ್ತದೆ. ವಿಭಕ್ತಿ ಪ್ರತ್ಯಯಗಳೂ ಹಾಗೆಯೇ. ಊರ ಹೆಸರನ್ನು ಅರ್ಧ ಮುಚ್ಚಿ ‘...ಪುರದಲ್ಲಿ’ ಎಂದು ಉಳಿಸಿದರೆ ಜಿಲ್ಲೆ ಬಲ್ಲವರಿಗೆ ಎರಡು ಮೂರು ಊರುಗಳಷ್ಟೇ ಉಳಿಯುತ್ತವೆ.

ತಂತ್ರಗಳು

ಮುಚ್ಚುವುದು, ತೆಗೆಯುವುದು, ಕದಡುವುದು, ಕರಗಿಸುವುದು, ರೂಪ ಬದಲಿಸುವುದು ಎಂದು ಈ ತಂತ್ರಗಳನ್ನು ಸ್ಥೂಲವಾಗಿ ಗುಂಪುಮಾಡಬಹುದು. ಒಂದೇ ಮುದ್ರಣದಲ್ಲಿ ಎರಡು ಮೂರು ಸೇರಿರುವುದೇ ಹೆಚ್ಚು. ಫಿಲ್ಟರಿನಿಂದ ತೆಗೆಯುವುದನ್ನೂ ಪ್ರತಿಧ್ವನಿಯಲ್ಲಿ ಕರಗಿಸುವುದನ್ನೂ ಮೇಲೆ ನೋಡಿದ್ದಾಯಿತು.

ಮುಚ್ಚುವುದೆಂದರೆ ಮಾತಿನ ಮೇಲೆ ಇನ್ನೊಂದು ಸದ್ದನ್ನು ಹೊದಿಸುವುದು. ಬೀಪ್ ಸಾಮಾನ್ಯವಾಗಿ 1000 ಹರ್ಟ್ಸಿನ ಶುದ್ಧ ಸ್ವರ. ಅದರ ಕೆಳಗಿನ ಮಾತನ್ನು ಅಳಿಸದೆ ಮೇಲೆ ಬೀಪ್ ಇಟ್ಟರೆ ಆ ಒಂದು ಕಂಪನಾಂಕವನ್ನು ಫಿಲ್ಟರಿನಿಂದ ತೆಗೆದು ಮಾತನ್ನು ಮತ್ತೆ ಕೇಳಬಹುದು; ಆದ್ದರಿಂದ ಬೀಪ್ ಮಾತಿನ ಜಾಗದಲ್ಲಿ ಕೂರಬೇಕು, ಮಾತಿನ ಮೇಲೆ ಅಲ್ಲ. ಎಲ್ಲ ಕಂಪನಾಂಕಗಳೂ ಇರುವ ಗದ್ದಲ ಇದಕ್ಕಿಂತ ಒಳ್ಳೆಯ ಮುಸುಕು. ಆಗುಂಬೆಯ ಕಡೆ ತಗಡಿನ ಮಾಡಿನ ಮೇಲೆ ಮಳೆ ಬಿದ್ದಾಗ ಎದುರಿಗಿದ್ದವರ ಮಾತೂ ಕೇಳಿಸದಿರುವುದು ಅದರ ಸಹಜ ರೂಪ. ಎಲ್ಲಕ್ಕಿಂತ ಗಟ್ಟಿಯಾದ ಮುಸುಕು ಇನ್ನಷ್ಟು ಮಾತೇ. ಅದೇ ಭಾಷೆಯ ನಾಲ್ಕಾರು ದನಿಗಳನ್ನು ಒಟ್ಟಿಗೆ ಕಲಸಿದರೆ ನಡುವಿನ ಒಂದನ್ನು ಹಿಡಿಯುವುದು ಬಹಳ ಕಷ್ಟ. ಕಾಲಿನ್ ಚೆರಿ 1953ರಲ್ಲಿ ಅಭ್ಯಸಿಸಿದ್ದು ಈ ಸಂತೆ ಗದ್ದಲದ ಸಮಸ್ಯೆಯನ್ನೇ.

ಕದಡುವುದರಲ್ಲಿ ಜನಪ್ರಿಯವಾದದ್ದು ಹಿಂದುಮುಂದು ಮಾಡುವುದು. ಬೀಟಲ್ಸ್ ತಂಡ 1966ರ ‘ರೇನ್’ ಹಾಡಿನ ಕೊನೆಯಲ್ಲಿ ಕಂಠದ ಟೇಪನ್ನು ತಿರುಗಿಸಿ ಹಾಕಿದ ಮೇಲೆ ಇದು ಜಗತ್ತಿನಾದ್ಯಂತ ಹರಡಿತು. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಕೊನೆಯಾಗುವುದರಿಂದ ತಿರುಗಿಸಿದ ಕನ್ನಡ ಸ್ವರದಿಂದ ಶುರುವಾಗಿ ವ್ಯಂಜನಕ್ಕೆ ಬಂದು ಗಕ್ಕನೆ ನಿಲ್ಲುತ್ತದೆ. ಕಿವಿಗೆ ಅದು ಕನ್ನಡವೆಂದು ಅನ್ನಿಸುವುದೇ ಇಲ್ಲ. ಬರವಣಿಗೆಯಲ್ಲಿ ಎರಡೂ ಕಡೆಯಿಂದ ಒಂದೇ ಆದ ‘ವಿಕಟಕವಿ’ ಟೇಪಿನಲ್ಲಿ ತಿರುಗಿದಾಗ ‘ಇವಕಟಕಿವ್’ ಎಂದಾಗುತ್ತದೆ, ಏಕೆಂದರೆ ಅಕ್ಷರದೊಳಗಿನ ವ್ಯಂಜನ ಮತ್ತು ಸ್ವರ ಕೂಡ ಜಾಗ ಬದಲಿಸುತ್ತವೆ. ಆದರೆ ಇಡೀ ಮುದ್ರಣವನ್ನು ತಿರುಗಿಸಿದ್ದರೆ ಮರಳಿ ತಿರುಗಿಸಲು ಯಾವ ಮೊಬೈಲಾದರೂ ಸಾಕು. ಕಲೆಗೆ ಇದು ಚೆಂದ, ಗುಟ್ಟಿಗೆ ನಿಷ್ಪ್ರಯೋಜಕ. ಕದಡುವ ತುಂಡು ಎಷ್ಟು ದೊಡ್ಡದು ಎಂಬುದೂ ಮುಖ್ಯ. ತುಂಗೆಯ ದಂಡೆಯ ಮತ್ತೂರಿನಂಥ ವೇದಾಧ್ಯಯನದ ಊರುಗಳಿಗೆ ಪರಿಚಿತವಾದ ಘನಪಾಠದಲ್ಲಿ ಪದಗಳು ಹಿಂದಕ್ಕೂ ಮುಂದಕ್ಕೂ ಚಲಿಸುತ್ತವೆ. ಅಲ್ಲಿ ಪದ ಇಡಿಯಾಗಿ ಉಳಿಯುವುದರಿಂದ ಅದು ಪಠ್ಯವನ್ನು ಕಾಪಾಡುವ ವಿಧಾನವಾಯಿತು. ಪದವನ್ನೇ ಒಡೆದು ತುಂಡುಗಳ ಕ್ರಮವನ್ನು ಕಲಸಿದಾಗ ಮರೆ ಹುಟ್ಟುತ್ತದೆ.

ರೂಪ ಬದಲಿಸುವ ತಂತ್ರಗಳಲ್ಲಿ ಶ್ರುತಿ ಏರಿಳಿಸುವುದು ಎಲ್ಲರಿಗೂ ಗೊತ್ತು. ಟೇಪಿನ ಕಾಲದಲ್ಲಿ ವೇಗ ಬದಲಿಸಿದರೆ ಶ್ರುತಿಯೂ ಜೊತೆಗೇ ಬದಲಾಗುತ್ತಿತ್ತು. 1970ರ ದಶಕದಲ್ಲಿ ಈವೆಂಟೈಡ್ ಕಂಪನಿಯ ಹಾರ್ಮೊನೈಸರ್ ಬಂದ ಮೇಲೆ ವೇಗ ಕೆಡದಂತೆ ಶ್ರುತಿಯನ್ನಷ್ಟೇ ಬದಲಿಸುವುದು ಸ್ಟುಡಿಯೋಗಳಿಗೆ ಸಾಧ್ಯವಾಯಿತು. ಮೇಲೆ ಹೇಳಿದಂತೆ ಪದ ಇರುವುದು ಶ್ರುತಿಯಲ್ಲಲ್ಲವಾದ್ದರಿಂದ ಇದರಿಂದ ಮಾತು ಮರೆಯಾಗುವುದಿಲ್ಲ. 1997ರಲ್ಲಿ ಆಂಡಿ ಹಿಲ್ಡೆಬ್ರಾಂಡ್ ತಂದ, ಹಾಡುವ ಶ್ರುತಿಯನ್ನು ತಿದ್ದುವ ಆಟೋ-ಟ್ಯೂನ್ ತಂತ್ರಾಂಶ ಕೂಡ ಹಾಗೆಯೇ. ಗಾಯಕಿ ಶೆರ್ ಅವರ 1998ರ ಹಾಡಿನಲ್ಲಿ ಅದು ಕಂಠವನ್ನು ಯಂತ್ರದಂತೆ ಮಾಡಿತು, ಸಾಹಿತ್ಯವನ್ನು ಕೆಡಿಸಲಿಲ್ಲ. ಈಚಿನ ಕನ್ನಡ ಹಾಡುಗಳಲ್ಲಿ ಪದ ತಿಳಿಯುವುದಿಲ್ಲ ಎಂದು ದೂರುವವರು ಆಟೋ-ಟ್ಯೂನನ್ನು ಬೈಯುತ್ತಾರೆ. ಅಪರಾಧಿ ಬೇರೆ ಕಡೆ ಇದೆ, ಅದನ್ನು ಮುಂದೆ ನೋಡಬಹುದು.

ಗುಟ್ಟಿನ ದೂರವಾಣಿ

ಮಾತನ್ನು ಮರೆಮಾಡುವ ವಿದ್ಯೆ ಬೆಳೆದದ್ದು ಹಾಡಿಗಾಗಿ ಅಲ್ಲ, ಯುದ್ಧಕ್ಕಾಗಿ. ಎರಡನೆಯ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಅಮೆರಿಕ ಮತ್ತು ಬ್ರಿಟನ್ ನಡುವಿನ ರೇಡಿಯೋ ದೂರವಾಣಿಗೆ ಎ-3 ಎಂಬ ಉಪಕರಣವಿತ್ತು. ಅದು ಮಾತಿನ ಕಂಪನಾಂಕ ಪಟ್ಟಿಗಳನ್ನು ತಲೆಕೆಳಗು ಮಾಡಿ ಜಾಗ ಬದಲಿಸುತ್ತಿತ್ತು. ಕೇಳಲು ಅದು ಬರೀ ಕಿಚಪಿಚ. ಆದರೆ ಜರ್ಮನ್ ಅಂಚೆ ಇಲಾಖೆಯ ಎಂಜಿನಿಯರುಗಳು ಅದನ್ನು ಬಿಡಿಸಿ ಕೇಳಿದರು. ಇದಾದ ಮೇಲೆ ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ರೂಪಿಸಿದ್ದ ವೋಕೋಡರ್ ಕೆಲಸಕ್ಕೆ ಬಂತು. ಮಾತನ್ನು ಹಲವು ಪಟ್ಟಿಗಳ ಏರಿಳಿತಗಳಾಗಿ ಬಿಡಿಸುವ ಯಂತ್ರ ಅದು. 1943ರಲ್ಲಿ ಬಳಕೆಗೆ ಬಂದ ಸಿಗ್ಸಾಲಿ ಎಂಬ ವ್ಯವಸ್ಥೆ ಆ ಏರಿಳಿತಗಳನ್ನು ಅಂಕಿಗಳಾಗಿಸಿ, ಗ್ರಾಮಫೋನ್ ತಟ್ಟೆಯಲ್ಲಿ ಮುದ್ರಿಸಿದ ಗದ್ದಲದ ಜೊತೆ ಕೂಡಿಸಿ ಕಳಿಸುತ್ತಿತ್ತು. ಅದೇ ಗದ್ದಲದ ಇನ್ನೊಂದು ತಟ್ಟೆ ಆ ತುದಿಯಲ್ಲಿರುತ್ತಿತ್ತು. ಎರಡೂ ತಟ್ಟೆಗಳನ್ನು ಬಳಸಿದ ಮೇಲೆ ನಾಶಮಾಡುತ್ತಿದ್ದರು. ಸುಮಾರು 50 ಟನ್ ತೂಕದ ಆ ಯಂತ್ರವನ್ನು ಯಾರೂ ಭೇದಿಸಲಿಲ್ಲ. ಮುಂದೆ ಅದೇ ವೋಕೋಡರ್ ಸಂಗೀತಗಾರರ ಕೈಗೆ ಬಂದು ಯಂತ್ರಮಾನವನ ಹಾಡಾಯಿತು. ಎ-3 ಮತ್ತು ಸಿಗ್ಸಾಲಿಗಳ ನಡುವಿನ ಅಂತರ ಇಂದಿಗೂ ಪಾಠ: ಕೀಲಿಯಿಲ್ಲದೆ ಬರೀ ರೂಪ ಕೆಡಿಸಿದ ಮಾತನ್ನು ಹಿಂದಕ್ಕೆ ತರಬಹುದು.

ಮ್ಯೂಟ್ ಮತ್ತು ಬೀಪ್

ಭಾರತದಲ್ಲಿ ಸಿನಿಮಾದ ಮಾತನ್ನು ಅಳಿಸುವ ಅಧಿಕಾರ 1952ರ ಚಲನಚಿತ್ರ ಕಾಯಿದೆಯಿಂದ ಬರುತ್ತದೆ. ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಒಂಬತ್ತು ಪ್ರಾದೇಶಿಕ ಕಚೇರಿಗಳಲ್ಲಿ ಒಂದು ಬೆಂಗಳೂರಿನಲ್ಲಿದೆ. ಕನ್ನಡ ಚಿತ್ರಗಳು ಬಹುತೇಕ ಅಲ್ಲಿಗೇ ಹೋಗುತ್ತವೆ. ಸಲಹಾ ಸಮಿತಿ ನೋಡಿ ಯಾವ ದೃಶ್ಯ ಕತ್ತರಿಸಬೇಕು, ಯಾವ ಪದ ಮ್ಯೂಟ್ ಆಗಬೇಕು ಎಂದು ಹೇಳುತ್ತದೆ. 2023ರ ತಿದ್ದುಪಡಿ ಯು/ಎ ವರ್ಗವನ್ನು 7, 13, 16ರ ವಯಸ್ಸಿನ ಮೇಲೆ ಮೂರಾಗಿ ಒಡೆದ ಮೇಲೆ ಒಂದು ಬೈಗುಳ ಉಳಿಯುವುದೋ ಹೋಗುವುದೋ ಎಂಬ ಲೆಕ್ಕ ಇನ್ನಷ್ಟು ಸೂಕ್ಷ್ಮವಾಗಿದೆ. ಟಿ.ವಿ.ಗೆ 1995ರ ಕೇಬಲ್ ಟೆಲಿವಿಷನ್ ಕಾಯಿದೆ ಮತ್ತು ಅದರ ಕಾರ್ಯಕ್ರಮ ಸಂಹಿತೆ ಅನ್ವಯಿಸುತ್ತವೆ.

ಮ್ಯೂಟ್ ಮಾತನ್ನು ತೆಗೆಯುತ್ತದೆ, ತುಟಿಯನ್ನು ತೆಗೆಯುವುದಿಲ್ಲ. ಮಾತನ್ನು ನಾವು ಕಣ್ಣಿನಿಂದಲೂ ಕೇಳುತ್ತೇವೆ ಎಂಬುದನ್ನು 1976ರಲ್ಲಿ ಮೆಗರ್ಕ್ ಮತ್ತು ಮೆಕ್‌ಡೊನಾಲ್ಡ್ ತೋರಿಸಿಕೊಟ್ಟರು. ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚುವುದು ಪರದೆಯಲ್ಲಿ ಸ್ಪಷ್ಟ. ಕನ್ನಡದ ಬೈಗುಳಗಳಲ್ಲಿ ಈ ಅಕ್ಷರಗಳಿಗೆ ಬರವಿಲ್ಲದ್ದರಿಂದ ಚಿತ್ರಮಂದಿರದಲ್ಲಿ ಮ್ಯೂಟ್ ಆದ ಕಡೆಯೇ ಪ್ರೇಕ್ಷಕರು ಆ ಪದವನ್ನು ಗಟ್ಟಿಯಾಗಿ ಕೂಗಿ ತುಂಬುತ್ತಾರೆ. ಬೀಪ್‌ನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ವಾರೆನ್ ಪ್ರಯೋಗ ಹೇಳಿದಂತೆ, ಖಾಲಿ ಜಾಗಕ್ಕಿಂತ ಸದ್ದು ತುಂಬಿದ ಜಾಗವನ್ನು ಮನಸ್ಸು ಸುಲಭವಾಗಿ ಮಾತಾಗಿಸಿಕೊಳ್ಳುತ್ತದೆ. ಪದದ ಮೊದಲ ವ್ಯಂಜನ ಮತ್ತು ಕೊನೆಯ ಸ್ವರವನ್ನು ಉಳಿಸಿ ನಡುವೆ ಬೀಪ್ ಹಾಕುವ ಟಿ.ವಿ. ಪದ್ಧತಿ ಮರೆಮಾಡುವುದಕ್ಕಿಂತ ಎತ್ತಿ ತೋರಿಸುವುದೇ ಹೆಚ್ಚು.

2017ರಲ್ಲಿ ಅಮರ್ತ್ಯ ಸೇನರ ಕುರಿತ ಸುಮನ್ ಘೋಷ್ ಅವರ ‘ದಿ ಆರ್ಗ್ಯುಮೆಂಟೇಟಿವ್ ಇಂಡಿಯನ್’ ಸಾಕ್ಷ್ಯಚಿತ್ರದಲ್ಲಿ ಮಂಡಳಿ ‘ಗುಜರಾತ್’, ‘ಹಸು’ ಮೊದಲಾದ ಪದಗಳನ್ನು ಮ್ಯೂಟ್ ಮಾಡಬೇಕೆಂದಾಗ ದೇಶದ ಪತ್ರಿಕೆಗಳೆಲ್ಲ ಆ ಪದಗಳನ್ನೇ ಅಚ್ಚುಮಾಡಿದವು. ಚಿತ್ರ ನೋಡದವರಿಗೂ ಅವು ತಲುಪಿದವು. ಬೈಗುಳವನ್ನು ಮಕ್ಕಳ ಕಿವಿಯಿಂದ ದೂರವಿಡಲು ಮ್ಯೂಟ್‌ಗೆ ಅರ್ಥವಿದೆ. ವಿಚಾರವನ್ನು ಅಳಿಸಲು ಅದು ತಕ್ಕ ಸಾಧನವಲ್ಲ, ಆ ಕೆಲಸಕ್ಕೆ ಅದನ್ನು ಬಳಸಲೂ ಬಾರದು.

ಹಾಡಿನಲ್ಲಿ

ಕನ್ನಡದಲ್ಲಿ ಕಂಠಮುದ್ರಣದ ಒಂದು ದೊಡ್ಡ ಪರಂಪರೆ ಸಾಹಿತ್ಯವನ್ನು ಮುಂದಿಟ್ಟೇ ಬೆಳೆಯಿತು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದ ಕೆ.ಎಸ್. ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ ಆಗಿ ಬಂತು. ಭಾವಗೀತೆಯನ್ನು ಮನೆಮನೆಗೆ ಒಯ್ದ ಆ ಮುದ್ರಣದಲ್ಲಿ ವಾದ್ಯಗಳು ಕವಿತೆಗೆ ದಾರಿಬಿಟ್ಟು ನಿಲ್ಲುತ್ತವೆ. ಹೊಸನಗರದ ಕಡೆಯ ನಗರ ಗ್ರಾಮದಿಂದ ಬಂದ ಶಿವಮೊಗ್ಗ ಸುಬ್ಬಣ್ಣ ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಹಾಡಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಪಡೆದರು. ಎತ್ತರದ ಸ್ಥಾಯಿಯಲ್ಲಿಯೂ ಅವರ ವ್ಯಂಜನ ಮುರಿಯುತ್ತಿರಲಿಲ್ಲ. ಇದು ಅಪರೂಪದ ಶಕ್ತಿ. ಶ್ರುತಿ 400, 500 ಹರ್ಟ್ಸ್ ದಾಟಿದಾಗ ಸ್ವರದ ಮೊದಲ ಅನುರಣನ ಪಟ್ಟಿಗಿಂತ ಶ್ರುತಿಯೇ ಮೇಲೆ ಹೋಗಿ ಇ ಮತ್ತು ಎ, ಉ ಮತ್ತು ಒ ಒಂದರಂತೊಂದು ಕೇಳತೊಡಗುತ್ತವೆ. ಯಾವ ಯಂತ್ರವೂ ಇಲ್ಲದೆ ಗಾಯನವೇ ಮಾತನ್ನು ಮರೆಮಾಡುವ ಬಗೆ ಇದು. ರಾಗಕ್ಕಾಗಿ ಲಘುವನ್ನು ಗುರುವಾಗಿ ಎಳೆದಾಗ ಬಳೆ ಬಾಳೆಯಾಗುವುದು ಇನ್ನೊಂದು ಬಗೆ.

ಯಕ್ಷಗಾನದಲ್ಲಿ ಭಾಗವತರ ಏರುಶ್ರುತಿಯ ಪದ್ಯದ ಮೇಲೆ ಚೆಂಡೆಯ ಪೆಟ್ಟು ಬೀಳುತ್ತದೆ. ಆಟದ ಬಯಲಿನಲ್ಲಿ ಕಿವಿಗೆ ಚೆಂಡೆ ಒಂದು ದಿಕ್ಕಿನಿಂದ, ಪದ್ಯ ಇನ್ನೊಂದು ದಿಕ್ಕಿನಿಂದ ಬರುವುದರಿಂದ ಎರಡೂ ಬೇರೆಯಾಗಿ ಸಿಗುತ್ತವೆ. ಒಂದೇ ಮೈಕಿನಲ್ಲಿ ಮುದ್ರಿಸಿದ ಕ್ಯಾಸೆಟ್ಟುಗಳಲ್ಲಿ ದಿಕ್ಕು ಇಲ್ಲವಾಗಿ ಪದ್ಯ ಚೆಂಡೆಯ ಅಡಿಗೆ ಬಿತ್ತು. ಪ್ರಸಂಗ ಬಾಯಿಪಾಠವಿದ್ದ ಪ್ರೇಕ್ಷಕರಿಗೆ ತೊಂದರೆಯಾಗಲಿಲ್ಲ. ಹೊಸಬರಿಗೆ ಆ ಮುದ್ರಣಗಳು ಬರೀ ರಾಗ. ಇಂಥ ಹಳೆಯ ಮುದ್ರಣಗಳ ಪದ್ಯಗಳನ್ನು ಬರೆದಿಡುವ ಕೆಲಸವನ್ನು ಪ್ರಸಂಗ ಬಲ್ಲ ಹಿರಿಯರು ಇರುವಾಗಲೇ ಮಾಡಬೇಕು. ಅವರು ಹೋದ ಮೇಲೆ ಯಾವ ಫಿಲ್ಟರೂ ಪದವನ್ನು ಮರಳಿ ತರದು.

ಬೇಕೆಂದೇ ಪದವನ್ನು ಮಸುಕಾಗಿಸುವ ಕಲೆಗೂ ಇಲ್ಲಿ ಜಾಗವಿದೆ. ರಾಜಸ್ಥಾನದ ಗೊಂಬೆಯಾಟದವರು ಬಾಯಲ್ಲಿ ‘ಬೋಲಿ’ ಎಂಬ ಪುಟ್ಟ ಪೀಪಿ ಇಟ್ಟುಕೊಂಡು ಗೊಂಬೆಗೆ ಕೀರಲು ದನಿ ಕೊಡುತ್ತಾರೆ. ಪದ ಕೆಟ್ಟುಹೋಗುವುದರಿಂದ ಪಕ್ಕದಲ್ಲಿ ಕೂತವರು ಅದನ್ನು ಮತ್ತೆ ಹೇಳುತ್ತಾರೆ. ಇಂದಿನ ಸಂಗೀತಗಾರರು ಕಂಠವನ್ನು 50, 100 ಮಿಲಿಸೆಕೆಂಡಿನ ಕಣಗಳಾಗಿ ಒಡೆದು ಹರಡಿ ವಾದ್ಯವನ್ನಾಗಿ ಮಾಡುತ್ತಾರೆ. ಕನಸಿನ, ನೆನಪಿನ, ಜ್ವರದ ದೃಶ್ಯಕ್ಕೆ ಅದು ಒಪ್ಪುತ್ತದೆ. ಆಕ್ಷೇಪ ಇರುವುದು ಹಾಗೆ ಉದ್ದೇಶವಿಲ್ಲದೆ ಕವಿಯ ಪದ ಕಳೆದುಹೋಗುವುದಕ್ಕೆ. ಒಂದೇ ಕಂಠವನ್ನು ಎರಡು ಮೂರು ಟ್ರ್ಯಾಕುಗಳಲ್ಲಿ ಹಾಡಿಸಿ ಒಂದರ ಮೇಲೊಂದಿಟ್ಟರೆ ವ್ಯಂಜನಗಳು ಒಂದೇ ಕ್ಷಣಕ್ಕೆ ಬೀಳದೆ ಅಂಚು ಮಸುಕಾಗುತ್ತದೆ. ದನಿಯನ್ನು ತಡವಾಗಿ ಮರುಕಳಿಸುವ ಡಿಲೇ ಹಿಂದಿನ ಪದವನ್ನು ಮುಂದಿನದರ ಮೇಲೆ ಹೇರುತ್ತದೆ. 2000ದಿಂದ 4000 ಹರ್ಟ್ಸ್ ನಡುವೆ ಸಿಂಥಸೈಜರ್ ಮತ್ತು ತಾಳವಾದ್ಯ ಕಿಕ್ಕಿರಿಯುತ್ತವೆ. ಆಟೋ-ಟ್ಯೂನಿನ ಮೇಲೆ ಹೊರಿಸುವ ಅಪವಾದ ಸಲ್ಲಬೇಕಾದದ್ದು ಈ ಮೂವರಿಗೆ. ಮಿಕ್ಸಿಂಗ್ ಮುಗಿಸುವ ಮುನ್ನ ಹಾಡನ್ನು ಮೊದಲ ಬಾರಿ ಕೇಳುವವರೊಬ್ಬರನ್ನು ಕೂರಿಸಿ ಕೇಳಿಸಿಕೊಂಡ ಪದಗಳನ್ನು ಬರೆಯಿಸುವುದು ಒಳ್ಳೆಯ ಪದ್ಧತಿ. ಸಾಹಿತ್ಯ ಗೊತ್ತಿರುವ ಎಂಜಿನಿಯರಿನ ಕಿವಿ ಇಲ್ಲದ ಪದವನ್ನೂ ಕೇಳಿಸಿಕೊಳ್ಳುತ್ತದೆ.

ಆಡಿದವರ ಗುರುತು

ಈ ವಿದ್ಯೆಯಲ್ಲಿ ತಪ್ಪಿದರೆ ಜೀವಕ್ಕೆ ಕುತ್ತಾಗುವ ಭಾಗ ಇದು. ಲೈಂಗಿಕ ಅಪರಾಧದ ಸಂತ್ರಸ್ತರ ಗುರುತು ಪ್ರಕಟಿಸುವುದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಂತೆ ಎರಡು ವರ್ಷದವರೆಗೆ ಶಿಕ್ಷೆಗೆ ಗುರಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯಿದೆಯ 23ನೆಯ ಕಲಮು ಮಗುವಿನ ಹೆಸರು, ವಿಳಾಸ, ಚಿತ್ರದ ಜೊತೆಗೆ ಕುಟುಂಬ, ಶಾಲೆ, ನೆರೆಹೊರೆ ಯಾವುದನ್ನೂ ಮಾಧ್ಯಮ ಹೊರಗೆಡಹಬಾರದೆನ್ನುತ್ತದೆ. 2018ರ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದೂರದಿಂದಾದರೂ ಗುರುತು ಸಿಗುವಂಥ ಯಾವ ಸಂಗತಿಯನ್ನೂ ಪ್ರಕಟಿಸಬಾರದೆಂದಿತು. ಅದೇ ವರ್ಷ ಒಪ್ಪಿತವಾದ ಸಾಕ್ಷಿ ರಕ್ಷಣಾ ಯೋಜನೆ ಸಾಕ್ಷಿಯ ಮುಖ ಮತ್ತು ದನಿಯನ್ನು ಮಾರ್ಪಡಿಸುವ ಏರ್ಪಾಡನ್ನು ಹೆಸರಿಸಿಯೇ ಹೇಳುತ್ತದೆ. 2022ರ ಆರಂಭದಿಂದ ಜಾರಿಯಲ್ಲಿರುವ ಕರ್ನಾಟಕದ ನ್ಯಾಯಾಲಯ ಕಲಾಪ ನೇರಪ್ರಸಾರ ನಿಯಮಗಳಲ್ಲಿಯೂ ಸಂತ್ರಸ್ತರ, ಸಾಕ್ಷಿಗಳ ದನಿಯನ್ನು ನ್ಯಾಯಾಲಯ ಹೇಳಿದಾಗ ವಿರೂಪಗೊಳಿಸುವ ಮಾತಿದೆ.

ಕಾನೂನು ಇಷ್ಟು ಎಚ್ಚರದಿಂದ ಬರೆದುದನ್ನು ಬಳಕೆಯಲ್ಲಿ ಒಂದು ಗುಂಡಿಯಿಂದ ಮುಗಿಸುತ್ತಾರೆ: ಶ್ರುತಿಯನ್ನು ನಾಲ್ಕೈದು ಸ್ವರ ಕೆಳಗಿಳಿಸುವುದು. ಅಷ್ಟೇ ಸ್ವರ ಮೇಲಕ್ಕೇರಿಸಿದರೆ ಮೂಲ ದನಿ ಬಹುಮಟ್ಟಿಗೆ ಹಿಂದಿರುಗುತ್ತದೆ. ಶ್ರುತಿಯ ಜೊತೆ ಅನುರಣನ ಪಟ್ಟಿಗಳನ್ನೂ ಸರಿಸಿದರೆ ಸ್ವಲ್ಪ ವಾಸಿ. ಅದೂ ಒಂದೇ ಅಳತೆಯಲ್ಲಿ ಸರಿದಿದ್ದರೆ ಊಹಿಸಿ ಬಿಡಿಸಬಹುದು. ದನಿಯಿಂದ ವ್ಯಕ್ತಿಯನ್ನು ಗುರುತಿಸುವ ತಂತ್ರಾಂಶಗಳು ಬಲಿತ ಮೇಲೆ, ಅವುಗಳ ವಿರುದ್ಧ ನಿಲ್ಲುವ ಮರೆಮಾಡುವ ವಿಧಾನಗಳನ್ನು ಪರೀಕ್ಷಿಸಲು 2020ರಿಂದ ‘ವಾಯ್ಸ್ ಪ್ರೈವಸಿ ಚಾಲೆಂಜ್’ ಎಂಬ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯುತ್ತ ಬಂದಿದೆ. ಅಲ್ಲಿನ ಉತ್ತಮ ವಿಧಾನಗಳು ಮೂಲ ಕಂಠವನ್ನು ತಿದ್ದುವುದಿಲ್ಲ, ಮಾತನ್ನು ಬಿಡಿಸಿ ಬೇರೆಯೇ ಕಂಠದಲ್ಲಿ ಹೊಸದಾಗಿ ಕಟ್ಟುತ್ತವೆ.

ಕಂಠ ಬದಲಾದರೂ ನುಡಿ ಬದಲಾಗುವುದಿಲ್ಲ. ಹವ್ಯಕ ಕನ್ನಡ, ದೀವರ ಕನ್ನಡ, ಲಂಬಾಣಿ ಮನೆಮಾತಿನವರ ಕನ್ನಡ, ಉರ್ದು ಮನೆಮಾತಿನವರ ಕನ್ನಡ ಶಿವಮೊಗ್ಗ ಜಿಲ್ಲೆಯೊಳಗೇ ಬೇರೆಬೇರೆಯಾಗಿ ಕೇಳುತ್ತವೆ. ‘ಎಂತಕ್ಕೆ’, ‘ಮಾರಾಯ್ತಿ’ ಎಂಬ ಪದಗಳು ಘಟ್ಟದ ಸೆರಗನ್ನು ತೋರಿಸುತ್ತವೆ. ‘ಗೋಪಾಳದ ಬಸ್ ಸ್ಟಾಪ್‌ನಲ್ಲಿ ಇಳಿದು ಟ್ಯೂಷನ್ನಿಗೆ ಹೋಗುವಾಗ’ ಎಂದು ಮಗುವೊಂದು ಹೇಳಿದ ಮಾತನ್ನು ಎಷ್ಟೇ ದಪ್ಪ ದನಿಯಲ್ಲಿ ಕೇಳಿಸಿದರೂ ಆ ಬೀದಿಯವರಿಗೆ ಅಷ್ಟೇ ಸಾಕು. ಕಾಯಿದೆಯಲ್ಲಿ ನೆರೆಹೊರೆ ಎಂಬ ಪದ ಇರುವುದು ಇದಕ್ಕಾಗಿ. ಸಣ್ಣ ಊರಿನಲ್ಲಿ ಗುರುತು ಕಂಠಕ್ಕಿಂತ ಹೆಚ್ಚಾಗಿ ವಿವರಗಳಲ್ಲಿರುತ್ತದೆ.

ಆದ್ದರಿಂದ ಇಂಥ ಹೇಳಿಕೆಯನ್ನು ಪ್ರಸಾರ ಮಾಡುವವರು ಮೂಲ ಕಂಠಕ್ಕೆ ಎಫೆಕ್ಟ್ ಹಾಕುವ ಯೋಚನೆಯನ್ನೇ ಬಿಡಬೇಕು. ಮಾತನ್ನು ಬರೆದುಕೊಂಡು, ಹೆಸರು, ಊರು, ಶಾಲೆ, ನಂಟಸ್ತಿಕೆ, ಒಳನುಡಿಯ ಪದಗಳನ್ನು ತೆಗೆದು, ಕ್ರಿಯಾಪದಗಳ ಕೊನೆಯನ್ನೂ ನೋಡಿ, ಹೇಳಿದವರಿಗೇ ಓದಿಸಿ ಒಪ್ಪಿಗೆ ಪಡೆದು, ಬೇರೆಯವರಿಂದ ಓದಿಸಿ ಮುದ್ರಿಸಬೇಕು. ಅದು ಬೇರೆಯವರ ದನಿ ಎಂದು ಕೇಳುಗರಿಗೂ ತಿಳಿಸಬೇಕು. ಮೂಲ ಕಡತವನ್ನು ಪ್ರಸಾರದ ಕಂಪ್ಯೂಟರಿನಲ್ಲಿ, ವಾಟ್ಸಾಪಿನಲ್ಲಿ, ಎಡಿಟಿಂಗ್ ಪ್ರಾಜೆಕ್ಟಿನೊಳಗೆ ಉಳಿಸಬಾರದು. ಭದ್ರಾವತಿ ಕೇಂದ್ರದಿಂದ ಹಿಡಿದು ಮೊಬೈಲಿನಲ್ಲಿ ಯೂಟ್ಯೂಬ್ ವಾರ್ತೆ ಮಾಡುವವರವರೆಗೆ ಎಲ್ಲರಿಗೂ ಇದು ಸಾಧ್ಯ. ಬೇಕಾದದ್ದು ಇನ್ನೊಬ್ಬರ ಕಂಠ ಮತ್ತು ಅರ್ಧ ಗಂಟೆಯ ತಾಳ್ಮೆ. ದಯವಿಟ್ಟು ಆ ಅರ್ಧ ಗಂಟೆಯನ್ನು ಕೊಡಿ.